ಜಗ್ಗಬಾರದ ಕ್ಯಾನ್ವಾಸು

"ಮೇಡಂ, ನಿಮ್ಮ ಚಿತ್ರದಾಗಿನ ಬಾಯಿ ಹೊಳ್ಳಿ ನೋಡಾಕತ್ತಾಳ್ರಿ."

ಜ್ಯೋತ್ಸ್ನಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ಮಿಕಿಮಿಕಿ ನೋಡಿ ಮತ್ತೆ ಕಿವಿಗಿಟ್ಟಳು. ಠಾಣೆ ನಗರದ ಅವಳ ಆಫೀಸಿನಲ್ಲಿ ಊಟದ ಹೊತ್ತು, ಡಬ್ಬಿಯ ಮುಚ್ಚಳ ತೆಗೆದಿದ್ದಳಷ್ಟೆ.

"ಬಾಯಾ? ಆ ಚಿತ್ರದಲ್ಲಿ ಬಾಯಿ ಎಲ್ಲಿ ಉಂಟು ಮಾರಾಯ್ರೆ? ಬೆನ್ನು ಮಾತ್ರ ಇರುವುದು."

"ಆ ಬಾಯಿ ಅಲ್ರಿ. ಬಾಯಿ! ಹೆಣ್ಮಗಳು! ನೀವು ತಂದಾಗ ಬೆನ್ನು ಮಾಡಿ ನಿಂತಿದ್ಳು. ಈಗ ಈ ಕಡೆ ತಿರಗಾಕತ್ತಾಳ. ಸಂಜೀಕ ಬಂದು ನೋಡ್ರಿ. ಅಲ್ಲ, ಸಂಜೀಕ ಬ್ಯಾಡ. ಬೆಳಕಿದ್ದಾಗ ಬರ್ರಿ."

ಹೀಗೆಂದವನು ರೇವಣಸಿದ್ದ. ಠಾಕುರ್ಲಿಯಲ್ಲಿ ರೈಲು ಹಳಿಗೆ ತಾಗಿಕೊಂಡ ಒಂದು ಶೆಡ್ಡಿನಲ್ಲಿ ಕ್ಯಾನ್ವಾಸಿಗೆ ಫ್ರೇಮು ಕಟ್ಟುವವನು. ಆಳು ಎತ್ತರ, ಭುಜವೂ ಅಗಲ. ಆದರೆ ದೆವ್ವದ ಮಾತು ಬಂದರೆ ಮಾತ್ರ ಮಗುವಿಗಿಂತ ಕಡೆ. ಆ ದನಿಯ ನಡುಕ ಕೇಳಿ ಜ್ಯೋತ್ಸ್ನಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಚಿತ್ರದಲ್ಲಿ ಬೆನ್ನು ಮಾಡಿ ನಿಂತಿದ್ದವಳು ಅವಳ ಅಮ್ಮ. ಅಮ್ಮ ಸತ್ತು ಎಷ್ಟೋ ವರ್ಷವಾಗಿತ್ತು.

ಡಬ್ಬಿಯ ಮುಚ್ಚಳ ಹಾಕಿ, ಅರ್ಧ ದಿನದ ರಜೆ ಹೇಳಿ, ಅವಳು ರೈಲು ಸ್ಟೇಷನ್ನಿಗೆ ಹೊರಟಳು.

ಅದು ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ. ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಅಪ್ಪ ಯಜ್ಞೇಶ್ವರ ರಾಯರು ಸೀವುಡ್ಸ್‌ನಲ್ಲಿ ಹೊಸ ಫ್ಲಾಟು ಕೊಂಡಿದ್ದರು. ಸಾಮಾನು ಕಟ್ಟುವಾಗ ಅಡುಗೆಮನೆಯ ಅಟ್ಟದಲ್ಲಿ, ಹಳೇ ಚಾಪೆಯೊಳಗೆ ಸುತ್ತಿಟ್ಟ ಕ್ಯಾನ್ವಾಸು ಸಿಕ್ಕಿತ್ತು. ಅಮ್ಮನೇ ಬಿಡಿಸಿದ್ದು, ತನ್ನದೇ ಚಿತ್ರ. ನೀಲಿ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಾಳೆ, ನೋಡುವವರಿಗೆ ಬೆನ್ನು, ಮುಖ ಹೊರಗಿನ ಬಿಸಿಲಿಗೆ. ಅಪ್ಪ ಅದನ್ನು ಕಂಡದ್ದೇ, "ಅದನ್ನು ಅಲ್ಲೇ ಬಿಡು ಮಗಾ, ಹೊಸ ಮನೆಗೆ ಬೇಡ" ಎಂದಿದ್ದರು. ಜ್ಯೋತ್ಸ್ನಾ ಬಿಡಲಿಲ್ಲ. ಮರುದಿನವೇ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಠಾಕುರ್ಲಿಗೆ ಬಂದಿದ್ದಳು.

ಮೊದಲು ಇಬ್ಬರೂ ಮರಾಠಿಯಲ್ಲೇ ಮಾತಾಡಿದ್ದರು. ಹಾಗೇ ಮುಂದುವರಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರದ ಪುಡಿ ಮೂಗಿಗೆ ಹೋಗಿ ಸೀನಿದವಳು "ಅಯ್ಯೋ ದೇವರೇ" ಅಂದುಬಿಟ್ಟಳು. ಅವನ ಕಣ್ಣರಳಿತು.

"ಕನ್ನಡದೋರೇನ್ರಿ?"

"ಹೌದು. ಉಡುಪಿ ಕಡೆ. ನೀವು?"

"ನಾ ಇಲ್ಲೇ ಹುಟ್ಟಿದವ್ರಿ. ಅಪ್ಪ ಚಂದ್ರಾಮ, ಇಂಡಿ ತಾಲೂಕದ ಕಡಿಯಿಂದ ಬಿಲ್ಡಿಂಗ್ ಕೆಲಸಕ್ಕ ಬಂದಾವ. ಮನ್ಯಾಗ ಅವ್ವನ ಕನ್ನಡ, ಹೊರಗ ಮರಾಠಿ. ನಿಮ್ಮ ಕನ್ನಡ ಭಾಳ ಛಲೋ ಐತ್ರಿ, ಪುಸ್ತಕದಾಗ ಬರದಂಗ."

"ನಿಮ್ಮದು ಎಂತ ಕಡಿಮೆ?" ಎಂದಳು ಅವಳು. ಅವನು ಸುಮ್ಮಸುಮ್ಮನೆ ಸುತ್ತಿಗೆ ಎತ್ತಿ ಆ ಕಡೆಯಿಂದ ಈ ಕಡೆಗಿಟ್ಟ. ಕಿವಿ ಕೆಂಪಾದದ್ದನ್ನು ಅವಳು ನೋಡಿಯೂ ನೋಡದವಳಂತೆ ನಿಂತಳು.

ಆಮೇಲೆ ಅವನು ಫ್ರೇಮುಗಳನ್ನು ಮುಂದೆ ಹರವಿದ. ಸಪೂರ ಪಟ್ಟಿಯದ್ದು ಹಗುರ, ಆದರೆ ದೊಡ್ಡ ಚಿತ್ರಕ್ಕೆ ಹಾಕಿದರೆ ನಡುವೆ ಒಳಕ್ಕೆ ಬಾಗುತ್ತದೆ. ದಪ್ಪ ಪಟ್ಟಿಯದಕ್ಕೆ ಮೂಲೆಯಲ್ಲಿ ಮರದ ಬೆಣೆ ಇರುತ್ತದೆ; ಮಳೆಗಾಲದಲ್ಲಿ ಬಟ್ಟೆ ಸಡಿಲಾದರೆ ಬೆಣೆಗೆ ಒಂದೇಟು, ಮತ್ತೆ ಬಿಗಿ. ಇಷ್ಟೆಲ್ಲ ಹೇಳಿ, ಕ್ಯಾನ್ವಾಸಿನ ಹಿಂಬದಿ ತಿರುಗಿಸಿದ. ನಾಲ್ಕೂ ಅಂಚನ್ನು ಹಿಂದಕ್ಕೆ ಮಡಚಿ ಖಾಕಿ ಕಾಗದದ ಪಟ್ಟಿ ಅಂಟಿಸಿತ್ತು.

"ಇದನ್ನ ಬಿಚ್ಚೂಣೇನ್ರಿ?"

"ಬೇಡ ಬೇಡ. ಇರುವ ಹಾಗೇ ಇರಲಿ. ಕಾಣುವಷ್ಟಕ್ಕೆ ಫ್ರೇಮು ಸಾಕು. ಆ ಸಪೂರದ್ದೇ ಆಗ್ತದೆ."

"ಹಳೇ ಚಿತ್ರ ಐತಿ. ಜಗ್ಗಲೇನ್ರಿ?"

"ಛೇ! ಜಗ್ಗಬಾರದು. ಒಂಚೂರೂ ಜಗ್ಗಬಾರದು."

"ಒಂಚೂರೂ?"

"ಒಂಚೂರೂ ಇಲ್ಲ."

ಅವನು ತಲೆ ಕೆರೆದುಕೊಂಡ. ಗಿರಾಕಿಯ ಮಾತು, ಅದರಲ್ಲೂ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಗಿರಾಕಿಯ ಮಾತು. ಎದುರು ಹೇಳುವ ಗಂಡಸು ಯಾರು! "ಆತ್ರಿ" ಎಂದ.

ಇದೆಲ್ಲ ಹೋದ ವಾರದ ಮಾತು.

ಈಗ ಮಧ್ಯಾಹ್ನದ ಲೋಡ್ ಶೆಡ್ಡಿಂಗು. ಶೆಡ್ಡಿನಲ್ಲಿ ಫ್ಯಾನು ನಿಂತಿತ್ತು, ಗರಗಸ ನಿಂತಿತ್ತು. ಹೊರಗೆ ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಬಾಗಿಲಲ್ಲೇ ಕಾಯುತ್ತಿದ್ದ ರೇವಣಸಿದ್ದ ಅವಳನ್ನು ಮುಂದೆ ಬಿಟ್ಟು ತಾನು ಹಿಂದಿನಿಂದ ಬಂದ.

"ಹೆಂಗಸರನ್ನು ಮುಂದೆ ಕಳಿಸುವುದಾ?"

"ನಿಮ್ಮ ಅವ್ವ ಅಲ್ಲೇನ್ರಿ? ನಿಮಗೇನೂ ಮಾಡೂದಿಲ್ಲ."

ಚಿತ್ರ ಎದುರಿನ ಗೋಡೆಯಲ್ಲಿತ್ತು. ಫ್ರೇಮಿನ ನೆತ್ತಿಯ ಮೇಲೆ ಒಂದು ನಿಂಬೆಹಣ್ಣು ಕೂತಿತ್ತು.

"ಇದೆಂತ ಇದು? ಹೆದರಿಕೆಯಾ?"

"ಹೆದರಿಕಿ ಅಲ್ರಿ. ಮರ್ಯಾದಿ."

ನಗಲು ಬಾಯಿ ತೆರೆದವಳು ಹಾಗೇ ನಿಂತಳು. ಕ್ಯಾನ್ವಾಸು ಉಸಿರಾಡುತ್ತಿತ್ತು. ಸುಳ್ಳಲ್ಲ. ಬಟ್ಟೆ ಮೆಲ್ಲನೆ ಉಬ್ಬಿತು, ಮೆಲ್ಲನೆ ತಗ್ಗಿತು. ನೀಲಿ ಸೀರೆಯ ಬೆನ್ನು ಏರಿತು, ಇಳಿಯಿತು. ಗಾಳಿ ಇಲ್ಲ, ರೈಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಲ್ಯಾಣದ ಕಡೆಯ ಫಾಸ್ಟ್ ಲೋಕಲ್ ಧಡಧಡ ಹಾದುಹೋಯಿತು, ತಗಡಿನ ಮಾಡು ಅದುರಿತು. ರೈಲು ಹೋಗಿ ಎಲ್ಲ ಸುಮ್ಮನಾದ ಮೇಲೂ ಚಿತ್ರ ಮಾತ್ರ ಏರಿಳಿಯುತ್ತಲೇ ಇತ್ತು.

"ನೋಡಿದ್ರೆಲ್ಲ?" ಅವನ ದನಿ ಪಿಸುಗುಟ್ಟಿತು. "ರೈಲು ಬರೂಕಿಂತ ಮೊದಲ ಶುರು ಆಗ್ತೈತ್ರಿ. ಬರ್ತೈತಿ ಅಂತ ಆಕಿಗೆ ಮೊದಲ ಗೊತ್ತಿರತೈತಿ."

ಜ್ಯೋತ್ಸ್ನಾ ಹತ್ತಿರ ಹೋದಳು. ಅವಳಿಗೆ ಆ ಚಿತ್ರದ ಗೆರೆಗೆರೆಯೂ ಗೊತ್ತು, ಅಟ್ಟದಿಂದ ಇಳಿಸಿದ ದಿನ ಅದರ ಮುಂದೆ ಎಷ್ಟು ಹೊತ್ತು ಕೂತಿದ್ದಳೋ. ತುರುಬು, ಕುತ್ತಿಗೆ, ಬೆನ್ನು, ಅಷ್ಟೇ ಇದ್ದದ್ದು. ಈಗ ತುರುಬಿನ ಪಕ್ಕದಲ್ಲಿ ಒಂದು ಕಿವಿ ಕಾಣುತ್ತಿತ್ತು. ಕಿವಿಯಲ್ಲಿ ಬೆಂಡೋಲೆ. ಅವಳ ಕೈ ತನ್ನ ಕಿವಿಗೆ ಹೋಯಿತು. ಅಮ್ಮನ ಅದೇ ಬೆಂಡೋಲೆಯನ್ನು ಅವಳು ಹಾಕಿಕೊಂಡಿದ್ದಳು.

"ನೀವು ಎಂತಾದರೂ ಒರೆಸಿದಿರಾ?"

"ಆಣಿ ಮಾಡಿ ಹೇಳ್ತೀನ್ರಿ, ಮುಟ್ಟಿಲ್ಲ. ಮುಟ್ಟೂ ಧೈರ್ಯ ಯಾರಿಗೈತಿ?"

ಹೆದರಿಕೆಯಾದಾಗ ಸಿಟ್ಟು ಮಾಡಿಕೊಳ್ಳುವುದು ಜ್ಯೋತ್ಸ್ನಾಳ ಅಭ್ಯಾಸ. ಅವಳು ಅವನ ಕಡೆ ತಿರುಗಿ ಹರಿಹಾಯ್ದಳು. "ಮೊದಲು ಇದು ಹೇಳಿ, ಯಾಕೆ ಹೀಗೆ ಜಗ್ಗಿದೆ?"

"ನಾ ಎಲ್ಲಿ ಜಗ್ಗೀನ್ರಿ?"

"ಜಗ್ಗಬಾರದು ಅಂತ ಹೇಳಿದ್ದೆನಲ್ಲ!"

"ಅದಕ್ಕ ಜಗ್ಗಿಲ್ರಿ!"

"ಜಗ್ಗಿದೆ! ಕಣ್ಣು ಕಾಣುವುದಿಲ್ಲವಾ ನಿಮಗೆ?"

"ದೇವರಾಣಿ ಜಗ್ಗಿಲ್ರಿ! ಮ್ಯಾಲ ಬರೇ ಪಿನ್ನ ಹೊಡದೀನಿ!"

ಅವಳು ಸರ್ರನೆ ಹೋಗಿ ಜೋಲುಬಿದ್ದ ಬಟ್ಟೆಯ ಹೊಟ್ಟೆಗೆ ಬೆರಳಿಟ್ಟು ತೋರಿಸಿದಳು. "ಇದು! ಇದಕ್ಕೆ ಜಗ್ಗುವುದು ಅಂತ ಹೇಳುವುದು!"

ಅವನು ಮೊಳೆಗೆ ತೂಗುಹಾಕಿದ್ದ ಹಗ್ಗ ಹಿಡಿದು ಜೋರಾಗಿ ಎಳೆದ. "ಅಲ್ರಿ, ಇದು! ಇದು ಜಗ್ಗೂದು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಕೇಳಿದ್ದು ಸ್ವಲ್ಪವೂ ಜೋತುಬೀಳಬಾರದು ಅಂತ. ಅವನಿಗೆ ಕೇಳಿಸಿದ್ದು ಸ್ವಲ್ಪವೂ ಎಳೆಯಬಾರದು ಅಂತ.

"ಹಗ್ಗಜಗ್ಗಾಟ ಅಂತ ಆಡಿಲ್ಲೇನ್ರಿ ಶಾಲ್ಯಾಗ?"

"ನಮ್ಮದು ಮರಾಠಿ ಶಾಲೆ. ಅಲ್ಲಿ ರಸ್ಸೀಖೇಚ್."

ಮೊದಲು ನಕ್ಕವನು ಅವನು. ಆಮೇಲೆ ಅವಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಕೈಗೆ ಸಿಕ್ಕ ಪಟ್ಟಿಯನ್ನು ಹಿಡಿದು ನಿಂತಳು. ಅವನು ನಗು ನಿಲ್ಲಿಸಿ ಅವಳು ನಗುವುದನ್ನೇ ನೋಡುತ್ತಿದ್ದ. ಅವಳಿಗದು ಗೊತ್ತಾಯಿತು, ನಗು ತುಟಿಯಲ್ಲೇ ಉಳಿಯಿತು.

"ಜಗ್ಗಿ ಚಂದ ನಗ್ತೀರಿ" ಎಂದ ಅವನು.

"ಇದು ಯಾವ ಜಗ್ಗಿ?"

"ಇದು ಮೂರನೇದ್ರಿ. ಜಗ್ಗಿ ಅಂದ್ರ ಭಾಳ."

ದಪ್ ಎಂದು ಚಿತ್ರ ಒಮ್ಮೆ ಫ್ರೇಮಿಗೆ ಬಡಿಯಿತು. ಯಾರೋ ಬಾಗಿಲು ತಟ್ಟಿದ ಹಾಗೆ. ಇಬ್ಬರೂ ಬೆಚ್ಚಿ ತಿರುಗಿದರು. ರೈಲಿರಲಿಲ್ಲ.

ಅವನು ಸ್ಟೂಲು ಎಳೆದು ಅವಳನ್ನು ಕೂರಿಸಿ, ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ. ಅವಳು ನೀರು ಕುಡಿದು, ಯಾರಿಗೂ ಹೇಳದ್ದನ್ನು ಹೇಳಿದಳು.

"ಅಮ್ಮ ದಿನಾ ಮಧ್ಯಾಹ್ನ ಚಿತ್ರ ಬಿಡಿಸುತ್ತಿದ್ದಳು. ನಾನು ಎರಡನೇ ಕ್ಲಾಸಿನಲ್ಲಿದ್ದೆ. ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಹೊರಗೆ ಹೋದಳು. ಇಲ್ಲೇ, ಠಾಕುರ್ಲಿಯ ಈ ಹಳಿ ದಾಟುವಾಗ ರೈಲು ಬಂತು. ಜನ ಎಂತೆಂತದೋ ಹೇಳಿದರು. ತಾನಾಗಿಯೇ ಹೋದಳು ಅಂತ. ಈ ಚಿತ್ರ ತೋರಿಸಿ, 'ನೋಡಿ, ಹೋಗುವುದನ್ನು ಮೊದಲೇ ಬಿಡಿಸಿಟ್ಟಿದ್ದಾಳೆ, ಮಗು ಕಡೆ ತಿರುಗಿಯೂ ನೋಡದೆ' ಅಂತ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದೆ."

ಅವನು ಅವಳ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದ.

"ನನಗೆ ಬಂದ ಸಂಬಂಧಗಳನ್ನೆಲ್ಲ ಬೇಡ ಅಂದೆ. ಬಿಟ್ಟು ಹೋದವಳ ಮಗಳಲ್ಲವಾ ನಾನು? ಯಾರನ್ನೋ ಕಟ್ಟಿಕೊಂಡು, ಒಂದು ಮಗು ಹೆತ್ತು, ಆಮೇಲೆ ಒಂದು ಮಧ್ಯಾಹ್ನ ನಾನೂ ಹೀಗೆ ಬೆನ್ನು ತಿರುಗಿಸಿದರೆ? ಆ ಹೆದರಿಕೆ ನನಗೆ."

"ಯಾರರೆ ಬಂದು, ನಿಮ್ಮನ್ನ ಭಾಳ ಬೇಕು ಅಂದ್ರೂ?"

"ಅಂದರೂ."

ಅವನು ತನ್ನ ಕೈಬೆರಳಿನ ಅಂಟನ್ನು ಕೆರೆಯುತ್ತ ಕೂತ. ಹೊರಗೆ ಹಳಿ ಮೆಲ್ಲಗೆ ಗುಂಯ್‌ಗುಟ್ಟತೊಡಗಿತು. ಚಿತ್ರ ಮತ್ತೆ ಉಬ್ಬಿತು. ಜ್ಯೋತ್ಸ್ನಾ ಅದನ್ನೇ ನೋಡುತ್ತಿದ್ದಳು. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಸೀರೆಯ ನೆರಿಗೆ ಅದರೊಂದಿಗೇ ಬಳುಕುತ್ತಿತ್ತು. ಆದರೆ ಸೆರಗು? ಅಮ್ಮನ ಬೆನ್ನಿನಿಂದ ಹೊರಟ ಸೆರಗು ಕೆಳಗೆ ಇಳಿಬಿದ್ದಿರಲಿಲ್ಲ. ಚಿತ್ರದ ಎಡ ಅಂಚಿನವರೆಗೂ ನೆಟ್ಟಗೆ, ಅಡ್ಡಕ್ಕೆ ಹೋಗಿತ್ತು. ಇಷ್ಟು ದಿನ ಅವಳು ಅದನ್ನು ಗಾಳಿಗೆ ಹಾರುವ ಸೆರಗು ಅಂದುಕೊಂಡಿದ್ದಳು. ಗಾಳಿಗೆ ಹಾರುವ ಸೆರಗು ಅಷ್ಟು ನೆಟ್ಟಗಿರುವುದಿಲ್ಲ.

ಅವಳು ಎದ್ದು ನಿಂತಳು.

"ಇಲ್ಲಿ ನೋಡಿ. ಈ ಸೆರಗು ಜಗ್ಗಿಲ್ಲ."

"ಅಂದ್ರ? ಯಾರದು ಜಗ್ಗು?"

"ನಮ್ಮ ಜಗ್ಗು. ಇದು ಜೋತುಬಿದ್ದಿಲ್ಲ. ನಿಮ್ಮ ಜಗ್ಗು ಜಗ್ಗಿದ್ದಾರೆ. ಯಾರೋ ಆ ಕಡೆಯಿಂದ ಜಗ್ಗುತ್ತಾ ಇದ್ದಾರೆ!"

ರೇವಣಸಿದ್ದ ನಿಂಬೆಹಣ್ಣನ್ನು ತೆಗೆದು ಜೇಬಿಗೆ ಹಾಕಿಕೊಂಡ. ಏನೇ ಆಗಲಿ, ಹತ್ತಿರ ಇರಲಿ ಅಂತಲೋ ಏನೋ. ಚಿತ್ರವನ್ನು ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಪಿನ್ನುಗಳನ್ನು ಒಂದೊಂದಾಗಿ ಕಿತ್ತ. ಖಾಕಿ ಕಾಗದಕ್ಕೆ ಅವಳೇ ಒದ್ದೆ ಬಟ್ಟೆ ಒತ್ತಿದಳು. ಹಳೇ ಗೋಂದು ಮೆತ್ತಗಾಗಿ ಎಡಬದಿಯ ಮಡಿಕೆ ಬಿಚ್ಚಿಕೊಂಡಿತು. ಮಿಕ್ಕ ಬದಿಗಳಲ್ಲಿ ಬೆರಳಗಲ ಮಡಚಿದ್ದರು, ಈ ಬದಿಯಲ್ಲಿ ಒಂದು ಗೇಣಿಗಿಂತ ಹೆಚ್ಚಿತ್ತು.

"ತಿರುಗಿಸಿ" ಎಂದಳು.

ಅವನು ತಿರುಗಿಸಿದ.

ಮಡಿಕೆಯೊಳಗೆ ಬೆಳಕು ಕಾಣದೆ ಉಳಿದಿದ್ದ ಬಣ್ಣ ನಿನ್ನೆ ಹಚ್ಚಿದಷ್ಟು ಹೊಸತಾಗಿತ್ತು. ಅಮ್ಮನ ಸೆರಗಿನ ತುದಿ ಅಲ್ಲಿತ್ತು. ಅದನ್ನು ಮುಷ್ಟಿ ಕಟ್ಟಿ ಹಿಡಿದ ಒಂದು ಪುಟ್ಟ ಕೈ, ಕೈಗೆ ಕರಿಬಳೆ. ತೋರುಬೆರಳಿನ ತುದಿಗೆ ನೀಲಿ ಬಣ್ಣ ಮೆತ್ತಿತ್ತು. ಒದ್ದೆ ಚಿತ್ರ ಮುಟ್ಟಿ ಬೈಸಿಕೊಂಡದ್ದು ಜ್ಯೋತ್ಸ್ನಾಳಿಗೆ ನೆನಪಾಯಿತು. ಬೈದು, ಅಮ್ಮ ಆ ಬೆರಳಿಗೆ ಮುತ್ತು ಕೊಟ್ಟದ್ದೂ ನೆನಪಾಯಿತು.

ಈಗ ಇಡೀ ಚಿತ್ರ ನೋಡಿದರೆ ಅರ್ಥವೇ ಬೇರೆ. ಹೊರಟವಳನ್ನು ಮಗು ಸೆರಗು ಹಿಡಿದು ಜಗ್ಗುತ್ತಿದೆ. ಅವಳು ಬಾಗಿಲಲ್ಲೇ ನಿಂತಿದ್ದಾಳೆ. ಹೋಗುತ್ತಿಲ್ಲ, ತಿರುಗುತ್ತಿದ್ದಾಳೆ.

ಜ್ಯೋತ್ಸ್ನಾ ಹೋಟೆಲಿಗೆ ಫೋನು ಮಾಡಿದಳು. ಹಿಂದೆ ತಟ್ಟೆಗಳ ಸದ್ದು.

"ಅಪ್ಪ, ಅಮ್ಮನ ಚಿತ್ರಕ್ಕೆ ಮೊದಲು ಫ್ರೇಮು ಹಾಕಿಸಿದ್ದು ಯಾರು?"

"ನಾನೇ ಮಗಾ. ಅವಳ ತಿಥಿಯ ದಿನಕ್ಕೆ ಇಡಲಿಕ್ಕೆ ಬೇರೆ ಒಳ್ಳೆ ಫೋಟೋ ಇರಲಿಲ್ಲ. ಅಂಗಡಿಯಲ್ಲಿ ರೆಡಿಮೇಡ್ ಇದ್ದದ್ದು ಅದೊಂದೇ ಸೈಜು. ಹೆಚ್ಚಾದದ್ದನ್ನು ಹಿಂದಕ್ಕೆ ಮಡಚಿ ಅಂದೆ. ಆಮೇಲೆ ಬಂದವರೆಲ್ಲ ಒಂದೊಂದು ಮಾತಾಡಿದರು, ಬಿಚ್ಚಿ ಅಟ್ಟಕ್ಕೆ ಹಾಕಿದೆ. ಯಾಕೆ ಮಗಾ?"

"ಮಡಚಿದ್ದರಲ್ಲಿ ಕೈ ಉಂಟು ಅಪ್ಪ. ನನ್ನ ಕೈ. ಅಮ್ಮನ ಸೆರಗು ಹಿಡಿದುಕೊಂಡಿದ್ದೇನೆ. ಅವಳು ತಿರುಗುತ್ತಾ ಇದ್ದಾಳೆ."

ತಟ್ಟೆಗಳ ಸದ್ದಿನ ನಡುವೆ ಅಪ್ಪ ಅಳುತ್ತಿರುವುದು ಕೇಳಿಸಿತು. "ನಾನು ಅಳತೆ ನೋಡಲಿಲ್ಲ, ಅಂಚಿನಲ್ಲಿ ಎಂತ ಉಂಟು ಅಂತಲೂ ನೋಡಲಿಲ್ಲ ಮಗಾ. ಆಗ ಅಷ್ಟು ಬುದ್ಧಿ ಇರಲಿಲ್ಲ. ಅದನ್ನು ಹೊಸ ಮನೆಗೆ ತಾ. ಹಾಲ್‌ನ ಗೋಡೆಯಲ್ಲಿಯೇ ಹಾಕುವ."

ಮರುದಿನ ಮಧ್ಯಾಹ್ನ ಅವಳು ಮತ್ತೆ ಬಂದಾಗ ಹೊಸ ಫ್ರೇಮು ಸಿದ್ಧವಾಗಿತ್ತು. ದಪ್ಪ ಪಟ್ಟಿ, ನಡುವೆ ಅಡ್ಡಪಟ್ಟಿ, ಮೂಲೆಗಳಿಗೆ ಬೆಣೆ. ಅಳತೆಯನ್ನು ಅವನು ಮಗುವಿನ ಕೈಯಿಂದ ಶುರುಮಾಡಿ ತೆಗೆದಿದ್ದ. ಬಳೆಯ ಆಚೆಗೆ ಎರಡು ಬೆರಳಷ್ಟು ಜಾಗವೂ ಉಳಿದಿತ್ತು.

"ಒಬ್ಬರ ಕಡೆಯಿಂದ ಆಗೂದಿಲ್ರಿ ಇದು" ಎಂದ ಅವನು. ಸುಳ್ಳು. ಎಷ್ಟೋ ದೊಡ್ಡ ಕ್ಯಾನ್ವಾಸನ್ನು ಒಬ್ಬನೇ ಬಿಗಿದವನು ಅವನು. ಅವಳಿಗೂ ಅನುಮಾನ ಬಂದಿತ್ತು, ಆದರೂ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಎದುರು ಬದಿಯಲ್ಲಿ ನಿಂತಳು. ನಡುವಿನಿಂದ ಶುರುಮಾಡಿ ಮೂಲೆಯ ಕಡೆ ಹೋಗಬೇಕು, ಒಮ್ಮೆ ಈ ಬದಿ ಒಮ್ಮೆ ಆ ಬದಿ. ಅವನು ಅಗಲ ಬಾಯಿಯ ಇಕ್ಕಳದಲ್ಲಿ ಬಟ್ಟೆಯ ಅಂಚು ಕಚ್ಚಿ ಹಿಡಿದ.

"ಜಗ್ಗಲೇನ್ರಿ?"

"ಜಗ್ಗಿ."

"ಹಳೇ ಬಣ್ಣ ಐತಿ. ಮೆಲ್ಲಕ ಜಗ್ಗಲೇನ್ರಿ?"

"ಮೆಲ್ಲಗೆ ಜಗ್ಗಿ. ಬಿಡಬೇಡಿ ಮಾತ್ರ."

ಪ್ರತಿ ಸಲವೂ ಕೇಳಿದ. ಪ್ರತಿ ಸಲವೂ ಅವಳು ಹೇಳಿದಳು. ಬಾಗಿದಾಗ ಇಬ್ಬರ ತಲೆ ತಾಗಿತು, ಇಬ್ಬರೂ ಕ್ಷಮೆ ಕೇಳಲಿಲ್ಲ. ಕೊನೆಗೆ ಬೆಣೆಗಳಿಗೆ ಒಂದೊಂದು ಏಟು ಬಿತ್ತು. ಅವಳು ಬೆರಳಿನಿಂದ ತಟ್ಟಿದಳು, ಕ್ಯಾನ್ವಾಸು ಡೋಲಿನ ಹಾಗೆ ನುಡಿಯಿತು. ಗೋಡೆಗೆ ತೂಗುಹಾಕಿದರು. ಲೋಕಲ್ ಹಾದುಹೋಯಿತು, ಮಾಡು ಅದುರಿತು. ಚಿತ್ರ ಮಾತ್ರ ಅಲುಗಲಿಲ್ಲ.

ಬೆಂಡೋಲೆಯ ಮುಂದೆ ಕೆನ್ನೆಯ ಒಂದು ಗೆರೆ ಕಾಣುತ್ತಿತ್ತು. ನಿನ್ನೆ ಇತ್ತೇ ಅದು? ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ.

"ನಾಳೆ ಟೆಂಪೋದಾಗ ಹಾಕಿ ಕಳಸ್ತೀನ್ರಿ" ಎಂದ ರೇವಣಸಿದ್ದ. "ಸೀವುಡ್ಸ್ ದೂರ ಆತು. ಮತ್ತ ಈ ಕಡಿ ಬರೂ ಕೆಲಸ ಬೀಳೂದಿಲ್ಲ ನಿಮಗ."

"ಹೌದು. ಬೀಳುವುದಿಲ್ಲ."

"ಮಳಿಗಾಲದಾಗ ಸಡಿಲಾದ್ರ ಬೆಣಿಗೆ ಒಂದೇಟು ಹಾಕ್ರಿ. ಆತಿಲ್ಲ?"

ಅವನು ರಿಕ್ಷಾ ಕರೆಯಲೆಂದು ಹೊರಟ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಹೊರಗೆ ಸುಡುವ ಬಿಸಿಲು, ಬಾಗಿಲಲ್ಲಿ ಅವನ ಬೆನ್ನು. ಜ್ಯೋತ್ಸ್ನಾ ಗೋಡೆಯ ಚಿತ್ರ ನೋಡಿದಳು, ಬಾಗಿಲು ನೋಡಿದಳು. ಅದೇ ಚೌಕಟ್ಟು, ಅದೇ ಬೆನ್ನು. ಒಂದು ಕೈ ಮಾತ್ರ ಕಡಿಮೆ ಇತ್ತು.

ಇಷ್ಟು ವರ್ಷ ತಾನು ಬಿಟ್ಟು ಹೋಗುವವಳು ಅಂದುಕೊಂಡಿದ್ದಳು. ಅವಳು ಹಿಡಿದುಕೊಳ್ಳುವವಳಾಗಿದ್ದಳು, ಅಮ್ಮ ಅದನ್ನು ಬಣ್ಣದಲ್ಲಿ ಬರೆದಿಟ್ಟಿದ್ದಳು.

ಎರಡು ಹೆಜ್ಜೆ ಓಡಿ ಅವನ ಅಂಗಿಯ ತುದಿ ಹಿಡಿದು ಎಳೆದಳು.

ಅವನು ತಿರುಗಿ ನೋಡಿದ. "ಏನಾತ್ರಿ?"

"ಜಗ್ಗಿದೆ" ಎಂದಳು. ಮುಖವೆಲ್ಲ ಬಿಸಿಯಾಗಿತ್ತು.

ಅವನ ಕಣ್ಣಲ್ಲಿ ಮೊದಲು ಗಾಬರಿ, ಆಮೇಲೆ ಮೆಲ್ಲಗೆ ನಗು. "ಯಾ ಜಗ್ಗು? ನಿಮ್ಮದೋ, ನಮ್ಮದೋ?"

"ಎರಡೂ ಮಾರಾಯ್ರೆ. ಕೈ ನಿಮ್ಮ ಜಗ್ಗು ಜಗ್ಗಿತು. ಮನಸ್ಸು ನಮ್ಮ ಜಗ್ಗು ಜಗ್ಗಿದೆ. ಇನ್ನು ನನ್ನಿಂದ ಗಟ್ಟಿ ನಿಲ್ಲಲಿಕ್ಕೆ ಆಗುವುದಿಲ್ಲ."

"ಮೂರನೇದು ಬಿಟ್ಟೀರಲ್ರಿ" ಎಂದ ಅವನು. "ಅದು ನಂದು. ಜಗ್ಗಿ ಬೇಕಾಗೀರಿ ನೀವು ನನಗ. ಮೊದಲನೇ ದಿನ ಸೀನಿದ್ರೆಲ್ಲ, ಅವತ್ತಿನಿಂದ."

"ಅಪ್ಪನಿಗೆ ನಾನೇ ಹೇಳುತ್ತೇನೆ."

"ಬೈದ್ರ?"

"ಬೈಯಲಿ. ನಾನು ಬಿಡುವುದಿಲ್ಲ."

ಆಗ ಹಿಂದಿನಿಂದ ದಪ್ ಎಂದಿತು.

ರೈಲಿರಲಿಲ್ಲ. ಗಾಳಿಯೂ ಇರಲಿಲ್ಲ. ಬೆಣೆ ಹೊಡೆದು ಬಿಗಿದ ಕ್ಯಾನ್ವಾಸು ತಾನಾಗಿ ಬಡಿಯುವ ಮಾತೇ ಇಲ್ಲ. ರೇವಣಸಿದ್ದನ ಕೈ ಸರಕ್ಕನೆ ಜೇಬಿನ ನಿಂಬೆಹಣ್ಣಿಗೆ ಹೋಯಿತು.

ಜ್ಯೋತ್ಸ್ನಾ ಆ ಕೈಯನ್ನು ಹಿಡಿದು ಹೊರಗೆಳೆದು ತನ್ನ ಕೈಯೊಳಗೆ ಇಟ್ಟುಕೊಂಡಳು. ಹಿಂದೆ ತಿರುಗಲಿಲ್ಲ.

"ಹೆದರಬೇಡಿ" ಎಂದಳು. "ಅಮ್ಮ ನೋಡಲಿ ಬಿಡಿ."